ಬುರುಡೆಯಿಲ್ಲದ ವಾದ್ಯ

ಆರು ಸಾವಿರದ ಇನ್ನೂರು ಸುತ್ತು.
ನೂರಕ್ಕೊಂದು ಹುಣಸೆಬೀಜ ಡಬ್ಬಿಗೆ ಹಾಕುತ್ತ
ಎಣಿಸಿದವನು ನಾನು.
ಕಾರವಾರ, ಬೈತಖೋಲದ ತಿರುವಿನಲ್ಲಿ
ಪುರಸು ಹರಿಕಂತ್ರನ ರೇಡಿಯೋ ರಿಪೇರಿ ಅಂಗಡಿ,
ನನಗಾಗ ಹನ್ನೊಂದು.
ಕೂದಲಿಗಿಂತ ಸಪೂರ ತಾಮ್ರದ ತಂತಿ,
ಜೋರಾಗಿ ಉಸಿರು ಬಿಟ್ಟರೆ ತುಂಡು.
ಎರಡು ಸಲ ತುಂಡಾಯಿತು. ಎರಡು ಸಲವೂ
ಬೀಜವೆಲ್ಲ ನೆಲಕ್ಕೆ ಸುರಿದು ಮತ್ತೆ ಒಂದರಿಂದ.

ಗಿಟಾರು ಬೊಸ್ತ್ಯಾಂವನದು. ಹೊಟ್ಟೆಯುಳ್ಳದ್ದು,
ಅಂಚಿಗೆ ಮುತ್ತಿನ ಚಿಪ್ಪು,
ಅವನಜ್ಜ ಗೋವೆಯಿಂದ ತಂದದ್ದು.
ಮದುವೆಮನೆಯ ಟ್ರಂಪೆಟ್ಟು, ಡ್ರಮ್ಮುಗಳ ನಡುವೆ ಅದರ ದನಿ
ಮೀನುಪೇಟೆಯಲ್ಲಿ ಮೂಗ ಚೌಕಾಸಿ ಮಾಡಿದ ಹಾಗೆ.
ಮೈಕು ಹಚ್ಚಿದರೋ, ಹೊಟ್ಟೆಯೊಳಗಿನ ಗಾಳಿಗೆ ದೆವ್ವ ಹೊಕ್ಕು
ಊಳಿಡುತ್ತಿತ್ತು.
ಸುಂಕೇರಿಯ ನಾಯಿಗಳು ಉತ್ತರ ಕೊಟ್ಟವು.

ಪುರಸಣ್ಣ ಅದರ ಹೊಟ್ಟೆಗೊಂದು ಹಳೇ ಸೀರೆ ತುರುಕಿದ.
ಊಳು ಸ್ವಲ್ಪ ಇಳಿಯಿತು.
ಇನ್ನೊಂದು ತುರುಕಿದ. ಇನ್ನಷ್ಟು ಇಳಿಯಿತು.
"ಹಾಗಾದ್ರೆ ಹೊಟ್ಟೆ ಯಾಕೆ ಬೇಕು ಮಾರಾಯ?"
ಇತಿಹಾಸ ಅಂದರೆ ನಾನು ಕಂಡದ್ದು ಇಷ್ಟೇ:
ಸೀರೆ ನುಂಗಿದ ಒಂದು ಗಿಟಾರು,
ಒಂದು ಪ್ರಶ್ನೆ.

ಗಣಬಾ ಮೇಸ್ತರು ದೋಣಿ ಕಟ್ಟುವವರು.
ಒಡೆದ ದೋಣಿಯ ಅಡಿಮರ ಎಳೆದು ಹಾಕಿದರು, ಹಲಸು.
"ವೀಣೆಗೂ ಇದೇ ಮರ. ಕೊರೆಯಬೇಕು, ಬುರುಡೆ ಕಟ್ಟಬೇಕು.
ನೀವು ಬುರುಡೆಯೇ ಬೇಡ ಅಂತೀರಿ.
ಬುರುಡೆ ಬಿಡ್ತಾ ಇರೋದು ಯಾರು ಹಾಗಾದ್ರೆ?"
ನಕ್ಕರು. ಕೆತ್ತಿದರು.
ಉಪ್ಪು ಕುಡಿದ ಮರ, ಉಳಿಯ ಬಾಯಿ ಮೂರು ಸಲ ಹೋಯಿತು.
ಕುತ್ತಿಗೆಯನ್ನು ಅಂಟಿಸಲಿಲ್ಲ, ನಾಲ್ಕು ಹಿತ್ತಾಳೆ ತಿರುಪು.
"ಹುಟ್ಟು ಮುರಿದ್ರೆ ಹುಟ್ಟು ಬದಲಿಸ್ತೇವೆ.
ದೋಣಿ ಸುಡ್ತೇವಾ?"

ಅಯಸ್ಕಾಂತ ಮಾತ್ರ
ಬಂದರು ಕಚೇರಿಯ ಕೆಟ್ಟ ಟೆಲಿಫೋನಿನದು,
ಅದರ ಕಿವಿಯೊಳಗಿಂದ ಕಿತ್ತದ್ದು.
ಎಷ್ಟು ಹಡಗಿನ ಸುದ್ದಿ ಕೇಳಿತ್ತೋ.

ತುಂಬಿದ ಕೊಡ ತುಳುಕುವುದಿಲ್ಲ
ಎಂದು ಶಾಲೆಯಲ್ಲಿ ಹತ್ತು ಸಲ ಬರೆಸಿದ್ದರು.
ಆ ಸಂಜೆ ತುಂಬಿದ ಮರ ತುಳುಕಿತು.
ಒಂದೇ ತಂತಿ, ಒಂದೇ ಮೀಟು.
ಮುಗಿಯಿತು ಎಂದುಕೊಂಡ ಮೇಲೂ ದನಿ ಅಲ್ಲೇ ಇತ್ತು,
ಮತ್ತೂ ಇತ್ತು.
ಸೀಗಡಿ ಒಣಹಾಕುತ್ತಿದ್ದ ಹೆಂಗಸೊಬ್ಬಳು ಎದ್ದು ನಿಂತು
ಕಣ್ಣಿಗೆ ಕೈ ಅಡ್ಡ ಹಿಡಿದು
ಕಡಲ ಕಡೆ ನೋಡಿದಳು: ಯಾವ ಹಡಗು?

ಕೋಡಿಬಾಗದ ಮದುವೆ. ಎರಡನೇ ಹಾಡಿಗೇ ಕರೆಂಟು ಹೋಯಿತು.
ಟ್ರಂಪೆಟ್ಟಿಗೆ ಏನೂ ಆಗಲಿಲ್ಲ, ಡ್ರಮ್ಮಿಗೂ.
ಬೊಸ್ತ್ಯಾಂವ ಹಲಗೆ ಹಿಡಿದು ನಿಂತಿದ್ದ.
"ಇಸವಾಣ ಕೊಯ್ಯಲಿಕ್ಕೆ ಇತ್ಲಾಗೆ ಕೊಡು" ಎಂದಿತು ಕತ್ತಲೆ.
ನಗೆ.
ಅವನ ಬೆರಳು ನಿಂತಿರಲಿಲ್ಲ.
ನಾನು ಹತ್ತಿರ ಹೋದೆ, ಬಗ್ಗಿ
ಮರದ ಅಂಚು ಕಚ್ಚಿದೆ.
ಹಲ್ಲಿನಿಂದ ಹತ್ತಿ ತಲೆ ತುಂಬ ಹಾಡು,
ಇಡೀ ಚಪ್ಪರದಲ್ಲಿ ನನಗೊಬ್ಬನಿಗೆ.
ಬುರುಡೆ ಬೇಕೇ ಬೇಕಿತ್ತು ಅದಕ್ಕೂ.
ಆ ಹೊತ್ತಿಗೆ ನನ್ನದಿತ್ತು.

ಮರುವರ್ಷ ಖಲಾಸಿಯೊಬ್ಬ ಪತ್ರಿಕೆಯ ಹಾಳೆ ತಂದ.
ಅಮೆರಿಕದ್ದು. ಕಾರಿನಂಥ ಕೆಂಪು ಬಣ್ಣ, ಎರಡು ಕೊಂಬು,
ಹೊಟ್ಟೆಯಿಲ್ಲ.
ನಾವು ಹುಣಸೆಬೀಜ ಎಣಿಸುವುದಕ್ಕೆ ಎಷ್ಟೋ ಮೊದಲೇ
ಅಲ್ಲಿ ಕಾರ್ಖಾನೆಯೇ ಇತ್ತಂತೆ.
ಬೊಸ್ತ್ಯಾಂವ ಬೀಡಿ ಹಚ್ಚುವುದನ್ನು ಮರೆತ.
ಪುರಸಣ್ಣ ಹಾಳೆ ತಿರುಗಿಸಿದ, ಹಿಂದುಗಡೆ ಸಾಬೂನು.

ಮೇಸ್ತರು ಕನ್ನಡಕ ಏರಿಸಿ
ಕುತ್ತಿಗೆಯ ಬುಡಕ್ಕೆ ಬೆರಳಿಟ್ಟು ಎಣಿಸಿದರು.
"ನಾಲ್ಕೇ ತಿರುಪು" ಅಂದರು,
"ಅಲ್ಲೂ ಒಬ್ಬ ದೋಣಿಯವನಿದ್ದಾನೆ ಹಾಗಾದ್ರೆ."
ಅಷ್ಟಂದು ಬಾಚಿ ಎತ್ತಿಕೊಂಡರು.
ಅರ್ಧ ಕೊರೆದ ಪಾತಿ ಮುಂದೆ ಬಿದ್ದಿತ್ತು.